ಲಾಟೀನಿನ ಇಂಧನದಿಂದ ಗರಗಸ ಓಡೀತೇ?

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಅಮೆರಿಕದ ನ್ಯೂಜೆರ್ಸಿ ಕರಾವಳಿಗೆ ಅಪ್ಪಳಿಸಿದಾಗ ಲಕ್ಷಾಂತರ ಮನೆಗಳ ವಿದ್ಯುತ್ ಸಂಪರ್ಕ ಕಡಿದುಹೋಯಿತು. ರಸ್ತೆಗಳ ಮೇಲೂ ಮನೆಗಳ ಮಾಡುಗಳ ಮೇಲೂ ಮರಗಳು ಉರುಳಿ ಬಿದ್ದವು. ಪೆಟ್ರೋಲ್ ಬಂಕ್‌ಗಳ ನೆಲದಡಿಯ ಟ್ಯಾಂಕುಗಳಲ್ಲಿ ಇಂಧನವಿದ್ದರೂ ಅದನ್ನು ಮೇಲೆತ್ತುವ ಪಂಪುಗಳಿಗೆ ವಿದ್ಯುತ್ ಇರಲಿಲ್ಲ. ಕೊನೆಗೆ ನವೆಂಬರ್ 3ರಿಂದ ಆ ರಾಜ್ಯದ 12 ಕೌಂಟಿಗಳಲ್ಲಿ ವಾಹನದ ನೋಂದಣಿ ಸಂಖ್ಯೆಯ ಸರಿ-ಬೆಸ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್ ನೀಡುವ ಪರಿಸ್ಥಿತಿ ಬಂದಿತು.

ಅಲ್ಲಿನ ಅನೇಕ ಗೃಹಸ್ಥರ ಮನೆಯ ಶೆಡ್ಡಿನಲ್ಲಿ ಮರ ಕೊಯ್ಯುವ ಚೈನ್ ಸಾ ಇರುತ್ತದೆ. ಅದರ ಪಕ್ಕದಲ್ಲೇ, ಬೇಸಿಗೆಯ ಶಿಬಿರವಾಸಕ್ಕೆಂದು ಕೊಂಡು ಉಳಿಸಿದ ಲಾಟೀನಿನ ಇಂಧನದ ಡಬ್ಬಿಯೂ ಇರುತ್ತದೆ. ಪೆಟ್ರೋಲ್ ಸಿಗದ ಹೊತ್ತಿನಲ್ಲಿ ಡಬ್ಬಿಯ ದ್ರವವನ್ನೇ ಗರಗಸಕ್ಕೆ ಸುರಿದರೆ ಹೇಗೆ ಎಂಬ ಯೋಚನೆ ಸುಳಿಯುವುದು ಸಹಜ. ಪ್ರತಿ ಬಿರುಗಾಳಿಯ ನಂತರವೂ ಆ ದೇಶದಲ್ಲಿ ಈ ಪ್ರಶ್ನೆ ಹೊಸದಾಗಿ ಏಳುತ್ತದೆ. ಸುರಿದರೆ ಇಂಜಿನ್ ಚಾಲೂ ಆಗುತ್ತದೆ. ಬಹುಶಃ ಒಂದೆರಡು ಕೊಂಬೆಗಳನ್ನೂ ಕತ್ತರಿಸುತ್ತದೆ. ಅಪಾಯವಿರುವುದು ಇಲ್ಲಿಯೇ. ಚಾಲೂ ಆಗದಿದ್ದರೆ ಯಾರೂ ಮುಂದುವರಿಯುತ್ತಿರಲಿಲ್ಲ.

ಇದು ನಮ್ಮ ಸೀಮೆಎಣ್ಣೆಯಲ್ಲ

ಕನ್ನಡದ ಓದುಗರಿಗೆ ಲಾಟೀನು ಎಂದೊಡನೆ ನೆನಪಾಗುವುದು ಸೀಮೆಎಣ್ಣೆ. ಮದುವೆಯ ಮೆರವಣಿಗೆಗಳಲ್ಲಿ, ಯಕ್ಷಗಾನ ಬಯಲಾಟಗಳಲ್ಲಿ ಭುಸುಗುಡುತ್ತ ಉರಿಯುತ್ತಿದ್ದ ಗ್ಯಾಸ್‌ಲೈಟ್, ಅರ್ಥಾತ್ ಜರ್ಮನಿಯ ಮೂಲದ ಪೆಟ್ರೋಮ್ಯಾಕ್ಸ್, ಸೀಮೆಎಣ್ಣೆಯ ದೀಪ. ಅಮೆರಿಕದ ಶಿಬಿರದ ಲಾಟೀನು ನೋಡಲು ಅದರ ದಾಯಾದಿಯಂತಿದೆ. ಅದರಲ್ಲೂ ಕೈಪಂಪಿನಿಂದ ಗಾಳಿ ತುಂಬಬೇಕು, ಅದರಲ್ಲೂ ಮ್ಯಾಂಟಲ್ ಕಟ್ಟಬೇಕು. ಆದರೆ ಅದರ ಹೊಟ್ಟೆಯಲ್ಲಿರುವುದು ಬೇರೆಯೇ ದ್ರವ.

ಆ ದ್ರವವನ್ನು ಅಲ್ಲಿ ‘ವೈಟ್ ಗ್ಯಾಸ್’ ಎಂದೂ, ಹೆಚ್ಚಾಗಿ ಮಾರುವ ಕಂಪನಿಯ ಹೆಸರಿನಲ್ಲಿ ‘ಕೋಲ್‌ಮನ್ ಫ್ಯೂಯೆಲ್’ ಎಂದೂ ಕರೆಯುತ್ತಾರೆ. ರಾಸಾಯನಿಕವಾಗಿ ಇದು ಹಗುರ ನಾಫ್ತಾ. ಕಚ್ಚಾತೈಲವನ್ನು ಬಟ್ಟಿ ಇಳಿಸುವಾಗ ಪೆಟ್ರೋಲಿನ ಆಸುಪಾಸಿನಲ್ಲೇ ದೊರೆಯುವ, ಬೇಗನೆ ಆವಿಯಾಗುವ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಪೆಂಟೇನ್, ಹೆಪ್ಟೇನ್, ಆಕ್ಟೇನ್, ನೋನೇನ್, ಸೈಕ್ಲೋಹೆಕ್ಸೇನ್ ಮುಂತಾದವು ಅದರಲ್ಲಿರುತ್ತವೆ.

ವಿಲಿಯಂ ಕಾಫಿನ್ ಕೋಲ್‌ಮನ್ ಎಂಬಾತ 1900ರಲ್ಲಿ ಓಕ್ಲಹೋಮಾದ ಕಿಂಗ್‌ಫಿಶರ್ ಎಂಬ ಊರಿನಲ್ಲಿ ಅಂಗಡಿಗಳಿಗೆ ದೀಪಗಳನ್ನು ಬಾಡಿಗೆಗೆ ಕೊಡುತ್ತ ವ್ಯಾಪಾರ ಆರಂಭಿಸಿದ. ಬಳಿಕ ಕ್ಯಾನ್ಸಸ್‌ನ ವಿಚಿಟಾ ನಗರಕ್ಕೆ ಬಂದು ನೆಲೆಸಿದ. ಕೈಯಲ್ಲಿ ಹಿಡಿದೊಯ್ಯಬಹುದಾದ ಅವನ ಲಾಟೀನು 1914ರಲ್ಲಿ ಮಾರುಕಟ್ಟೆಗೆ ಬಂದಿತು. ಆ ಕಾಲದ ಪೆಟ್ರೋಲಿಗೂ ಲಾಟೀನಿನ ಇಂಧನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎರಡರ ದಾರಿ ಬೇರೆಯಾದದ್ದು ಸೀಸದಿಂದ. ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಜ್‌ಲಿ 1921ರಲ್ಲಿ ಟೆಟ್ರಾಈಥೈಲ್ ಸೀಸದ ಗುಣವನ್ನು ಕಂಡುಕೊಂಡ. 1923ರ ಫೆಬ್ರವರಿಯಲ್ಲಿ ಓಹಯೋದ ಡೇಟನ್‌ನಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರಾಟಕ್ಕೆ ಬಂದಿತು. ಸೀಸ ಬೆರೆಯದ ಬಿಳಿಯ ಪೆಟ್ರೋಲ್ ದೀಪ ಮತ್ತು ಒಲೆಗಳ ಪಾಲಿಗೆ ಉಳಿಯಿತು. ‘ವೈಟ್ ಗ್ಯಾಸ್’ ಎಂಬ ಹೆಸರಿನ ಹಿನ್ನೆಲೆ ಇದು.

ಲಾಟೀನು ತನ್ನ ಇಂಧನದಿಂದ ಬಯಸುವುದು ಅತ್ಯಲ್ಪ. ದೀಪದ ಜ್ವಾಲೆಯ ಪಕ್ಕದಲ್ಲೇ ಹಾದುಹೋಗುವ ಸಣ್ಣ ಕೊಳವೆಯಲ್ಲಿ ಅದು ಬೇಗ ಆವಿಯಾಗಬೇಕು, ಕೊಳವೆಯಲ್ಲಿ ಜಿಡ್ಡಾಗಲಿ ಮಸಿಯಾಗಲಿ ಉಳಿಯಬಾರದು, ವಾಸನೆ ಹೆಚ್ಚಿರಬಾರದು. ಪೆಟ್ರೋಲಿಗೆ ಸೇರಿಸುವ ನಾನಾ ದ್ರವ್ಯಗಳಿಲ್ಲದ ಕಾರಣ ನಾಫ್ತಾ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಬಾಳಿಕೆಯೂ ಹೆಚ್ಚು. ತೆರೆಯದ ಡಬ್ಬಿ 5ರಿಂದ 7 ವರ್ಷ, ತೆರೆದದ್ದು 2 ವರ್ಷದವರೆಗೆ ಕೆಡುವುದಿಲ್ಲವೆಂದು ತಯಾರಕರೇ ಹೇಳುತ್ತಾರೆ. ಪೆಟ್ರೋಲ್ ಕೆಲವೇ ತಿಂಗಳಲ್ಲಿ ಹಳಸಿ ಅಂಟು ಕಟ್ಟುತ್ತದೆ.

ಗೊಂದಲಕ್ಕೆ ಇಂಬು ಕೊಡುವ ಇನ್ನೊಂದು ಸಂಗತಿಯಿದೆ. ಅದೇ ಕಂಪನಿ ‘ಡ್ಯುಯಲ್ ಫ್ಯೂಯೆಲ್’ ಎಂಬ ಲಾಟೀನು ಮತ್ತು ಒಲೆಗಳನ್ನೂ ಮಾರುತ್ತದೆ. ಅವು ತಮ್ಮ ಇಂಧನದ ಬದಲು ಬಂಕಿನ ಸೀಸರಹಿತ ಪೆಟ್ರೋಲನ್ನೂ ಉರಿಸಬಲ್ಲವು. ಲಾಟೀನು ಪೆಟ್ರೋಲ್ ಕುಡಿಯುತ್ತದೆಯಾದರೆ ಪೆಟ್ರೋಲ್ ಕುಡಿಯುವ ಗರಗಸ ಲಾಟೀನಿನ ಇಂಧನವನ್ನೇಕೆ ಕುಡಿಯಬಾರದು ಎಂಬ ತರ್ಕ ಹುಟ್ಟುವುದು ಇದರಿಂದಲೇ. ಆದರೆ ಜ್ವಾಲೆಯೊಂದು ಉರಿಯುವುದಕ್ಕೂ ಮುಚ್ಚಿದ ಸಿಲಿಂಡರಿನೊಳಗೆ ಒತ್ತಡದಲ್ಲಿ ಇಂಧನ ದಹಿಸುವುದಕ್ಕೂ ಬಹಳ ಅಂತರವಿದೆ.

ಆಕ್ಟೇನ್ ಎಂಬ ತಾಳ್ಮೆ

ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಅದುಮುತ್ತದೆ. ಅದುಮಿದಂತೆ ಮಿಶ್ರಣ ಕಾಯುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿ ಹಾರುವವರೆಗೂ, ಕಿಡಿಯಿಂದ ಹೊರಟ ಜ್ವಾಲೆ ಸಿಲಿಂಡರಿನ ಮೂಲೆ ಮುಟ್ಟುವವರೆಗೂ ಅದು ತಾನಾಗಿಯೇ ಹೊತ್ತಿಕೊಳ್ಳದೆ ಕಾದಿರಬೇಕು. ಈ ಕಾಯುವ ಶಕ್ತಿಯ ಅಳತೆಯೇ ಆಕ್ಟೇನ್ ಸಂಖ್ಯೆ. ಐಸೊಆಕ್ಟೇನ್ ಎಂಬ ಕವಲುಕವಲಾದ ಅಣುವಿಗೆ 100, ನೇರ ಸರಪಳಿಯ ಹೆಪ್ಟೇನ್‌ಗೆ 0 ಎಂದು ಗುರುತಿಸಿ ಈ ಮಾಪಕವನ್ನು 1920ರ ದಶಕದಲ್ಲಿ ರೂಪಿಸಲಾಯಿತು. ಮರ ಕಡಿಯುವ ಯಂತ್ರದ ಪ್ರಸ್ತಾಪ ಬಂದಿರುವಾಗ ಒಂದು ಸ್ವಾರಸ್ಯ ಹೇಳದಿರಲಾಗದು. ಮಾಪಕದ ಸೊನ್ನೆಯನ್ನು ನಿಗದಿಪಡಿಸಲು ಬಳಸಿದ ಶುದ್ಧ ಹೆಪ್ಟೇನ್ ಆಗ ದೊರೆಯುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಪೈನ್ ಮರಗಳ ರಾಳದಿಂದ.

ಲಾಟೀನಿನ ಇಂಧನದ ಆಕ್ಟೇನ್ ಸಂಖ್ಯೆ ಸುಮಾರು 50ರಿಂದ 55. ಅಮೆರಿಕದ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲ್ 87, ಮೇಲ್ದರ್ಜೆಯದು 91ರಿಂದ 93. ಅಲ್ಲಿನ ಗರಗಸಗಳಿಗೆ ಹಸ್ಕ್‌ವರ್ನಾ ಕಂಪನಿ ಕನಿಷ್ಠ 87ನ್ನೂ, ಸ್ಟಿಲ್ ಕಂಪನಿ ಕನಿಷ್ಠ 89ನ್ನೂ ವಿಧಿಸುತ್ತವೆ. ಅಮೆರಿಕದವರು ಎರಡು ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ. ನಮ್ಮಲ್ಲಿ ಬರೆಯುವುದು ‘ರಿಸರ್ಚ್ ಆಕ್ಟೇನ್’ ಒಂದನ್ನೇ. ಆದುದರಿಂದ ಅವರ 87 ಎಂದರೆ ಸುಮಾರು ನಮ್ಮ 91. ಯಾವ ಲೆಕ್ಕದಲ್ಲಿ ನೋಡಿದರೂ ಲಾಟೀನಿನ ಇಂಧನ ಅಗತ್ಯಕ್ಕಿಂತ ಮೂವತ್ತಕ್ಕೂ ಹೆಚ್ಚು ಅಂಕ ಕೆಳಗಿದೆ.

ಆ ಕೊರತೆಯ ಫಲವೇನು? ಕಿಡಿ ಹಾರಿದ ಮೇಲೆ, ಜ್ವಾಲೆ ತಲುಪದ ಮೂಲೆಯ ಮಿಶ್ರಣ ಒತ್ತಡ ತಾಳಲಾರದೆ ಏಕಾಏಕಿ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ನಾಕಿಂಗ್ ಎನ್ನುತ್ತಾರೆ. ಸಿಲಿಂಡರಿನ ಲೋಹವನ್ನು ಬಿಸಿ ಅನಿಲದಿಂದ ಕಾಪಾಡುವ ತೆಳುವಾದ ಗಾಳಿಯ ಪದರವೊಂದಿರುತ್ತದೆ. ಸಿಡಿತದ ಒತ್ತಡದ ಅಲೆ ಅದನ್ನು ಕಿತ್ತೊಗೆಯುತ್ತದೆ. ಶಾಖ ನೇರವಾಗಿ ಪಿಸ್ಟನ್ನಿಗೆ ಇಳಿಯುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೊದಲು ಪಿಸ್ಟನ್ನಿನ ತಲೆಯ ಮೇಲೆ ಗುಳಿಗಳು ಬೀಳುತ್ತವೆ, ನಂತರ ಅದು ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಕೆರೆಯುತ್ತದೆ, ಕೊನೆಗೆ ಕಚ್ಚಿಕೊಂಡು ನಿಲ್ಲುತ್ತದೆ. ಇಂಜಿನ್ ‘ಸೀಜ್’ ಆಯಿತು ಎಂದು ನಮ್ಮ ಗ್ಯಾರೇಜುಗಳಲ್ಲಿ ಹೇಳುವುದು ಇದನ್ನೇ.

ಕಾರಿನಲ್ಲಿ ನಾಕಿಂಗ್ ಆದರೆ ಟಕಟಕ ಸದ್ದು ಕೇಳುತ್ತದೆ. ಇಂದಿನ ಕಾರುಗಳಲ್ಲಿ ಅದನ್ನು ಗ್ರಹಿಸಿ ಕಿಡಿಯ ಸಮಯವನ್ನು ತಿದ್ದುವ ಸೆನ್ಸರ್ ಕೂಡ ಇದೆ. ಸಾಮಾನ್ಯ ಗರಗಸದಲ್ಲಿ ಅಂಥ ಸೆನ್ಸರ್ ಇಲ್ಲ. ಕಿವಿಗೆ ಕಾಪು ತೊಟ್ಟು ಹಿಡಿಯಬೇಕಾದ ಅದರ ಆರ್ಭಟದಲ್ಲಿ ನಾಕಿಂಗಿನ ಸದ್ದು ಕೇಳಿಸುವುದೂ ಇಲ್ಲ. ಮೇಲಾಗಿ ಇದು ಟೂ ಸ್ಟ್ರೋಕ್ ಇಂಜಿನ್, ಪ್ರತಿ ಸುತ್ತಿಗೂ ಒಮ್ಮೆ ದಹನ. ನಿಮಿಷಕ್ಕೆ 10,000 ಸುತ್ತು ಎಂದರೆ ಸೆಕೆಂಡಿಗೆ 160ಕ್ಕೂ ಹೆಚ್ಚು ಬಾರಿ. ತಣಿಸಲು ನೀರಿಲ್ಲ, ಚಕ್ರದ ಬೀಸುಗಾಳಿಯೇ ಗತಿ.

ಖಾಲಿ ಓಡುವಾಗ, ತೆಳು ಕೊಂಬೆ ಕತ್ತರಿಸುವಾಗ ಇಂಜಿನ್ನಿನ ವೇಗ ಹೆಚ್ಚಿರುತ್ತದೆ, ಮಿಶ್ರಣಕ್ಕೆ ತಾನಾಗಿ ಸಿಡಿಯಲು ವ್ಯವಧಾನವೇ ಸಿಗುವುದಿಲ್ಲ. ದಪ್ಪ ದಿಮ್ಮಿಯಲ್ಲಿ ಸರಪಳಿ ಇಳಿದು ವೇಗ ಕುಸಿದಾಗ, ಭಾರ ಏರಿದಾಗ ಸಿಡಿತ ಆರಂಭವಾಗುತ್ತದೆ. ಆದಕಾರಣ ‘ಹಾಕಿ ನೋಡಿದೆ, ಏನೂ ಆಗಲಿಲ್ಲ’ ಎಂಬ ಮಾತುಗಳು ಸುಳ್ಳಲ್ಲ. ಅವರು ಬಹುಶಃ ದಪ್ಪ ಮರಕ್ಕೆ ಕೈ ಹಾಕಿರಲಿಕ್ಕಿಲ್ಲ. ಬಿರುಗಾಳಿಗೆ ಉರುಳಿದ ಮರಗಳಾದರೋ ದಪ್ಪನೆಯವೇ.

ಇನ್ನೊಂದು ಸೂಕ್ಷ್ಮ. ನಾಫ್ತಾ ಪೆಟ್ರೋಲಿಗಿಂತ ಹಗುರ. ಲೀಟರಿಗೆ ಸುಮಾರು 700 ಗ್ರಾಂ ತೂಗುತ್ತದೆ. ನಮ್ಮ ಪೆಟ್ರೋಲ್ 720ರಿಂದ 775 ಗ್ರಾಂ. ಕಾರ್ಬ್ಯುರೇಟರಿನ ಅದೇ ರಂಧ್ರದಿಂದ ಹರಿದು ಬರುವ ಇಂಧನದ ತೂಕ ಕಡಿಮೆಯಾಗಿ ಗಾಳಿಯ ಪಾಲು ಹೆಚ್ಚುತ್ತದೆ. ಗಾಳಿ ಹೆಚ್ಚಾದ ಮಿಶ್ರಣ ಇನ್ನಷ್ಟು ಬಿಸಿಯಾಗಿ ಉರಿಯುತ್ತದೆ.

ಎಣ್ಣೆಯ ಮಾತನ್ನು ಚುಟುಕಾಗಿ ಮುಗಿಸಬಹುದು. ಟೂ ಸ್ಟ್ರೋಕ್ ಇಂಜಿನ್ನಿಗೆ ಪ್ರತ್ಯೇಕ ಆಯಿಲ್ ಇಲ್ಲ; ಇಂಧನದಲ್ಲಿ ಬೆರೆಸಿದ 2ಟಿ ಆಯಿಲ್‌ನಿಂದಲೇ ಬೇರಿಂಗು, ಪಿಸ್ಟನ್ನುಗಳು ಜಾರಬೇಕು. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿಲೀಟರ್. ಲಾಟೀನಿನ ಇಂಧನದಲ್ಲಿ ಎಣ್ಣೆಯ ಪಸೆಯೂ ಇಲ್ಲ. ಹಾಗೆಯೇ ಸುರಿದವರ ಗರಗಸ ಕೆಲವು ನಿಮಿಷಗಳಲ್ಲೇ ಕೈಕೊಡುತ್ತದೆ. ಎಣ್ಣೆ ಬೆರೆಸಿದರೆ ಈ ತೊಂದರೆ ತಪ್ಪುತ್ತದೆ, ಆದರೆ ಆಕ್ಟೇನ್ ಕೊರತೆ ಹಾಗೆಯೇ ಉಳಿಯುತ್ತದೆ.

ಓಡಿಸುವವರೂ ಇದ್ದಾರೆ

ಲಾಟೀನಿನ ಇಂಧನದಲ್ಲಿ ಇಂಜಿನ್ ಓಡಿಸುವ ಒಂದು ವರ್ಗ ನಿಜವಾಗಿಯೂ ಇದೆ. ಪೆಟ್ರೋಲ್ ಇಂಜಿನ್ನಿನ ಮಾದರಿ ವಿಮಾನಗಳನ್ನು ಹಾರಿಸುವ ಅಮೆರಿಕದ ಹವ್ಯಾಸಿಗಳಲ್ಲಿ ಹಲವರು ಅದಕ್ಕೆ ಎಣ್ಣೆ ಬೆರೆಸಿ ಬಳಸುತ್ತಾರೆ. ಕಾರಿನಲ್ಲಿ, ಮನೆಯಲ್ಲಿ ಪೆಟ್ರೋಲಿನ ನಾತ ಬರುವುದಿಲ್ಲ ಎಂಬುದೇ ಮುಖ್ಯ ಕಾರಣ. ಆದರೆ ಪ್ರೊಪೆಲ್ಲರಿನ ಭಾರ ವೇಗದೊಡನೆ ಏರಿಳಿಯುತ್ತದೆ, ಮೇಲಾಗಿ ಅದರ ಗಾಳಿಯೇ ಇಂಜಿನ್ನನ್ನು ತಣಿಸುತ್ತಿರುತ್ತದೆ. ದಿಮ್ಮಿಯಲ್ಲಿ ಸಿಲುಕಿ ಏದುಸಿರು ಬಿಡುವ ಗರಗಸದ ಪಾಡು ಅದಕ್ಕಿಲ್ಲ. ಹಾಗೆಯೇ, ಒತ್ತಡದ ಅನುಪಾತ ಸುಮಾರು 4ಕ್ಕೆ 1 ಇದ್ದ ಫೋರ್ಡ್ ಮಾಡೆಲ್ ಟಿ ಕಾರು ಇಂಥ ಕೆಳದರ್ಜೆಯ ಪೆಟ್ರೋಲಿನಲ್ಲೇ ಓಡಿತು. ಇಂದಿನ ಗರಗಸದ ಒತ್ತಡ ಅದಕ್ಕಿಂತ ಬಹಳ ಹೆಚ್ಚು. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಪಡೆಯಲು ತೆತ್ತ ಬೆಲೆಯದು. ಆಂಡ್ರಿಯಾಸ್ ಸ್ಟಿಲ್ 1929ರಲ್ಲಿ ತಯಾರಿಸಿದ ಪೆಟ್ರೋಲ್ ಗರಗಸ 46 ಕಿಲೋ ತೂಗುತ್ತಿತ್ತು. ಈಗಿನವನ್ನು ಒಬ್ಬನೇ ಹಿಡಿದು ಮರದ ಮೇಲೇರುತ್ತಾನೆ.

ಸ್ವಲ್ಪವೇ ಬೆರೆಸಿದರೆ? ಮಿಶ್ರಣದ ಆಕ್ಟೇನ್ ಕರಾರುವಾಕ್ಕಾಗಿ ಸರಾಸರಿಯಂತೆ ನಡೆಯದಿದ್ದರೂ ಅಂದಾಜಿಗೆ ಸರಾಸರಿ ಸಾಕು. 91ರ ಪೆಟ್ರೋಲ್ ಒಂಬತ್ತು ಪಾಲಿಗೆ 52ರ ನಾಫ್ತಾ ಒಂದು ಪಾಲು ಸೇರಿಸಿದರೆ 87 ಆಗುತ್ತದೆ. ಸ್ಟಿಲ್ ವಿಧಿಸಿದ ಮಿತಿಯನ್ನು ಅಲ್ಲಿಗೇ ದಾಟಿದಂತಾಯಿತು. ಮೂರು ಪಾಲಿಗೆ ಒಂದು ಪಾಲಾದರೆ 81. ಅರ್ಧರ್ಧವಾದರೆ 71ರ ಆಸುಪಾಸು. ಮೇಲ್ದರ್ಜೆಯ ಪೆಟ್ರೋಲ್ ಅಷ್ಟೊಂದು ಕೈಯಲ್ಲಿದ್ದವನಿಗೆ ಲಾಟೀನಿನ ಡಬ್ಬಿಯ ಅಗತ್ಯವೇ ಇರುವುದಿಲ್ಲ. ಹಣ ಉಳಿಸುವ ಮಾತಂತೂ ಇಲ್ಲವೇ ಇಲ್ಲ, ಅಮೆರಿಕದಲ್ಲಿ ಈ ಡಬ್ಬಿಯ ಇಂಧನ ಪೆಟ್ರೋಲಿಗಿಂತ ಹಲವು ಪಟ್ಟು ತುಟ್ಟಿ.

ನಿಜಕ್ಕೂ ಇಕ್ಕಟ್ಟಿನಲ್ಲಿರುವವರು ಹುಲ್ಲು ಕತ್ತರಿಸುವ ಯಂತ್ರದಲ್ಲೋ ಜನರೇಟರಿನಲ್ಲೋ ಉಳಿದ ಪೆಟ್ರೋಲನ್ನು ಹೊರತೆಗೆದು ಅಳತೆಯ 2ಟಿ ಆಯಿಲ್ ಬೆರೆಸುವುದು ಲೇಸು. ಗರಗಸದ ಟ್ಯಾಂಕು ಅರ್ಧ ಲೀಟರಿನ ಆಜುಬಾಜಿನದು; ದಾರಿಗಡ್ಡ ಬಿದ್ದ ಮರ ತೆಗೆಯಲು ಒಂದೆರಡು ಲೀಟರ್ ಸಾಕಾದೀತು.

ಹುಡುಕಾಟದ ಮೂಲ ಎಥೆನಾಲ್

ಬಿರುಗಾಳಿಯಿಲ್ಲದ ದಿನಗಳಲ್ಲೂ ಅಮೆರಿಕನ್ನರು ಲಾಟೀನಿನ ಡಬ್ಬಿಯತ್ತ ಕಣ್ಣು ಹಾಯಿಸಲು ಬೇರೊಂದು ಕಾರಣವಿದೆ. ಅಲ್ಲಿನ ಬಹುತೇಕ ಪೆಟ್ರೋಲಿನಲ್ಲಿ ಶೇ 10ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲ್ ಆಕ್ಟೇನ್ ಹೆಚ್ಚಿಸುತ್ತದೆ ನಿಜ. ಆದರೆ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಯಂತ್ರಗಳ ರಬ್ಬರ್ ಕೊಳವೆಗಳನ್ನೂ ಕಾರ್ಬ್ಯುರೇಟರಿನ ಪೊರೆಯನ್ನೂ ಕೆಡಿಸುತ್ತದೆ. ಹೀರಿದ ನೀರು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟೂ ಸ್ಟ್ರೋಕ್ ಯಂತ್ರಕ್ಕೆ ಇದು ವಿಷವಿದ್ದಂತೆ. 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಆದರೆ ಇಂಧನ ಹೀರುವ ಫಿಲ್ಟರ್ ಟ್ಯಾಂಕಿನ ತಳದಲ್ಲಿರುತ್ತದೆ. ಇಂಜಿನ್ನಿಗೆ ಎಣ್ಣೆಯಿಲ್ಲದ ದ್ರವ ಹೋಗುತ್ತದೆ. ಶೇ 15ರ ಎಥೆನಾಲ್ ಮಿಶ್ರಣಕ್ಕೆ 2010ರಲ್ಲಿ ಹೊಸ ಕಾರುಗಳ ಮಟ್ಟಿಗೆ ಅನುಮತಿ ಕೊಟ್ಟಾಗಲೂ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಗರಗಸದಂಥ ಸಣ್ಣ ಇಂಜಿನ್ನುಗಳನ್ನು ಹೊರಗಿಟ್ಟಿತು.

ಎಥೆನಾಲ್ ಇಲ್ಲದ, ಹಳಸದ, ಅಂಟು ಕಟ್ಟದ ಇಂಧನ ಬೇಕೆಂದು ಹುಡುಕುವವನಿಗೆ ಲಾಟೀನಿನ ಡಬ್ಬಿ ಕಾಣುತ್ತದೆ. ಈ ಮೂರೂ ಗುಣಗಳು ಅದಕ್ಕಿವೆ. ನಾಲ್ಕನೆಯ ಗುಣವಾದ ಆಕ್ಟೇನ್ ಒಂದಿಲ್ಲ.

ನಾಲ್ಕೂ ಇರುವ ಇಂಧನವೊಂದು ಸ್ವೀಡನ್ನಿನಲ್ಲಿ 1980ರ ದಶಕದ ಕೊನೆಗೆ ಬಳಕೆಗೆ ಬಂದಿತು. ಅದರ ಹೆಸರು ಆಲ್ಕಿಲೇಟ್ ಪೆಟ್ರೋಲ್. ಸಂಸ್ಕರಣಾಗಾರದಲ್ಲಿ ಐಸೊಬ್ಯುಟೇನ್ ಮತ್ತು ಬ್ಯುಟೀನ್ ಅನಿಲಗಳನ್ನು ಪ್ರಬಲ ಆಮ್ಲದ ನೆರವಿನಿಂದ ಕೂಡಿಸಿ, ಐಸೊಆಕ್ಟೇನ್‌ನಂಥ ಕವಲಣುಗಳ ದ್ರವವನ್ನು ಪಡೆಯುತ್ತಾರೆ. ನಾಫ್ತಾದಷ್ಟೇ ಶುಭ್ರವಾದರೂ ಆಕ್ಟೇನ್ ತೊಂಬತ್ತರ ಮೇಲೆ. ದಿನವಿಡೀ ಗರಗಸದ ಹೊಗೆಯಲ್ಲಿ ದುಡಿಯುವ ಕಾಡಿನ ಕೂಲಿಕಾರರ ಆರೋಗ್ಯದ ಕಾಳಜಿಯೇ ಅದರ ಹುಟ್ಟಿಗೆ ಪ್ರೇರಣೆ. ಸಾಮಾನ್ಯ ಪೆಟ್ರೋಲಿನಲ್ಲಿ ಶೇ 1ರವರೆಗೆ ಇರಬಹುದಾದ, ಕ್ಯಾನ್ಸರ್‌ಕಾರಕವಾದ ಬೆಂಜೀನ್ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆಸ್ಪೆನ್ ಎಂಬ ಹೆಸರಿನಲ್ಲಿ ಯುರೋಪಿನಲ್ಲಿ ಇದು ದೊರೆಯುತ್ತದೆ. ಅಮೆರಿಕದಲ್ಲಿ ಟ್ರೂಫ್ಯೂಯೆಲ್, ಮೋಟೋಮಿಕ್ಸ್ ಮುಂತಾದ ಎಥೆನಾಲ್‌ರಹಿತ ಡಬ್ಬಿ ಇಂಧನಗಳು, ಎಣ್ಣೆ ಬೆರೆಸಿದ ರೂಪದಲ್ಲೇ, ಅಂಗಡಿಗಳಲ್ಲಿವೆ. ವಿಶೇಷವೆಂದರೆ, ಎಣ್ಣೆ ಬೆರೆಸದ ಆಲ್ಕಿಲೇಟನ್ನು ಯುರೋಪಿನ ಶಿಬಿರವಾಸಿಗಳು ತಮ್ಮ ಪೆಟ್ರೋಲ್ ಒಲೆಗಳಿಗೂ ಬಳಸುತ್ತಾರೆ. ಲಾಟೀನಿನ ಇಂಧನ ಗರಗಸಕ್ಕೆ ಒಗ್ಗದು. ಗರಗಸದ ಇಂಧನ ಎಣ್ಣೆ ಬೆರೆಯುವ ಮುನ್ನ ಒಲೆಗೆ ಒಗ್ಗುತ್ತದೆ. ಬೆಲೆ ಮಾತ್ರ ಎರಡಕ್ಕೂ ಬಿಗಿ.

ನಮ್ಮಲ್ಲಿ

ಕರ್ನಾಟಕದಲ್ಲಿ ಲಾಟೀನಿನ ನಾಫ್ತಾ ಅಂಗಡಿಯಲ್ಲಿ ಕಾಣಸಿಗುವ ವಸ್ತುವಲ್ಲ. ಆದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ, ಮಲೆನಾಡು ಹಾಗೂ ಕರಾವಳಿಯ ಅಡಿಕೆ ತೋಟಗಳಲ್ಲಿ ಚೈನ್ ಸಾ, ಕಳೆ ಕೊಚ್ಚುವ ಯಂತ್ರಗಳ ರೂಪದಲ್ಲಿ ಇದೇ ಟೂ ಸ್ಟ್ರೋಕ್ ಇಂಜಿನ್ನುಗಳು ಮನೆಮನೆ ಸೇರಿವೆ. ಇಲ್ಲಿನ ಪ್ರಲೋಭನೆ ಸೀಮೆಎಣ್ಣೆ ಮತ್ತು ಅಗ್ಗದ ಸಾಲ್ವೆಂಟ್‌ಗಳದು. ಸೀಮೆಎಣ್ಣೆಯ ಆಕ್ಟೇನ್ ನಾಫ್ತಾಕ್ಕಿಂತಲೂ ಬಹಳ ಕೆಳಗೆ.

ಪೆಟ್ರೋಲಿಗೆ ನಾಫ್ತಾ ಬೆರೆಸುವ ದಂಧೆಯನ್ನು ತಡೆಯಲೆಂದೇ ಕೇಂದ್ರ ಸರ್ಕಾರ ಅಗತ್ಯ ವಸ್ತುಗಳ ಕಾಯ್ದೆಯಡಿ 2000ದಲ್ಲಿ ಆದೇಶ ಹೊರಡಿಸಿ, ಅದನ್ನು ವಾಹನಗಳಲ್ಲಿ ಬಳಸುವುದನ್ನು ನಿಷೇಧಿಸಿತು. ಸಾಲ್ವೆಂಟ್‌ಗಳಿಗೂ ಅದೇ ವರ್ಷ ಅಂಥದೇ ಆದೇಶ ಬಂದಿತು. ಕಲಬೆರಕೆಯ ಜಾಲ ಎಷ್ಟು ಕ್ರೂರವೆಂಬುದನ್ನು ಕನ್ನಡನಾಡು ಮರೆಯಲಾರದು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಇಂಡಿಯನ್ ಆಯಿಲ್ ಅಧಿಕಾರಿ ಷಣ್ಮುಗಂ ಮಂಜುನಾಥ್, ಕಲಬೆರಕೆಯ ಬಂಕಿಗೆ ಬೀಗ ಹಾಕಿಸಿದ್ದಕ್ಕಾಗಿ 2005ರ ನವೆಂಬರ್ 19ರಂದು ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡಿಗೆ ಬಲಿಯಾದರು.

ಎಥೆನಾಲ್ ಪ್ರಶ್ನೆಯೂ ಈಗ ನಮ್ಮದೇ. ಶೇ 20ರ ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿ ಚಾಲನೆ ನೀಡಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿ. 2025ರಲ್ಲಿ ದೇಶದ ಮಿಶ್ರಣ ಆ ಪ್ರಮಾಣ ಮುಟ್ಟಿತು. ಅಮೆರಿಕದ ಶೇ 10ರ ಇಮ್ಮಡಿ ಇದು. ಮಲೆನಾಡಿನ ಜೂನ್-ಜುಲೈ ತಿಂಗಳ ತೇವದಲ್ಲಿ ಅರೆತುಂಬಿದ ಟ್ಯಾಂಕಿನೊಡನೆ ಮೂಲೆಗಿಟ್ಟ ಗರಗಸಕ್ಕೆ ಮೇಲೆ ಹೇಳಿದ ನೀರಿನ ಕಾಟ ತಪ್ಪಿದ್ದಲ್ಲ. ಒಂದು ತಿಂಗಳಿಗೆ ಬೇಕಾದಷ್ಟನ್ನೇ ಬೆರೆಸಿಕೊಳ್ಳಬೇಕು. ಕೆಲಸ ಮುಗಿದು ಎತ್ತಿಡುವಾಗ ಟ್ಯಾಂಕು ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಇಂಜಿನ್ ಓಡಿಸಬೇಕು. ಹಳೆಯ ಮಿಶ್ರಣವನ್ನು ಬಳಸುವ ಮುನ್ನ ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಬಿಟ್ಟರೆ, ತಳದಲ್ಲಿ ಬೇರೆ ಪದರ ಕೂತಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ.

ವಿದೇಶದಿಂದ ಬಂದವರು ತಂದಿತ್ತ ಶಿಬಿರದ ಒಲೆಯೋ ಲಾಟೀನೋ ಮನೆಯಲ್ಲಿದ್ದರೆ ಮತ್ತೊಂದು ಎಚ್ಚರ ಅಗತ್ಯ. ನಾಫ್ತಾ ಅಥವಾ ಪೆಟ್ರೋಲನ್ನು ಸೀಮೆಎಣ್ಣೆಯ ಗ್ಯಾಸ್‌ಲೈಟಿಗಾಗಲಿ ಬತ್ತಿಯ ಲಾಟೀನಿಗಾಗಲಿ ಎಂದೂ ಹಾಕಬಾರದು. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಲು ಕನಿಷ್ಠ 35 ಡಿಗ್ರಿಯಷ್ಟಾದರೂ ಬಿಸಿ ಬೇಕು. ನಾಫ್ತಾದ ಆವಿಗೆ ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ, ಹಿಮದ ಚಳಿಯಲ್ಲೂ, ಒಂದು ಕಿಡಿ ಸಾಕು.